ಮದುವೆ ಕೇಕಿನ ಮೇಲೆ ತೋಕ್ ಪೂ ಬೇಡ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮದುವೆ ಕೇಕಿಗೆ ಹೂವಿನ ಅಲಂಕಾರ ಮಾಡುವ ಬಗ್ಗೆ ಒಂದು ಪುಟ ಬಂದಿತ್ತು. ನಮ್ಮ ಕೆಲಸದ ಬಗ್ಗೆ ಪತ್ರಿಕೆಯಲ್ಲಿ ಬರುವುದೇ ಅಪರೂಪ, ಖುಷಿಯಿಂದ ಓದಲು ಕೂತೆ. ಆದರೆ ಜೊತೆಗಿದ್ದ ದೊಡ್ಡ ಫೋಟೋ ನೋಡಿ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟುಬಿಟ್ಟೆ. ಮೂರು ಅಂತಸ್ತಿನ ಬಿಳಿ ಕೇಕು. ಮೇಲಿಂದ ಕೆಳಗಿನವರೆಗೆ ಗುಲಾಬಿ ಬಣ್ಣದ ಹೂವಿನ ಗೊಂಚಲು ಇಳಿಬಿಟ್ಟಿದ್ದಾರೆ. ಅದು ಕಣಗಿಲೆ. ತೊಟ್ಟುಗಳನ್ನು ಸೀದಾ ಕ್ರೀಮಿನೊಳಗೆ ಚುಚ್ಚಿದ್ದಾರೆ.

ಕಣಗಿಲೆ ಎಂಥ ಗಿಡ ಅಂತ ದನ ಸಾಕಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಬೇಲಿಯಲ್ಲಿ ಬೇರೆ ಹಸಿರು ಏನೂ ಇಲ್ಲದಿದ್ದರೂ ದನ ಅದಕ್ಕೆ ಬಾಯಿ ಹಾಕುವುದಿಲ್ಲ. ಎಲೆ, ಹೂ, ಕಡ್ಡಿ, ಹಾಲು ಎಲ್ಲದರಲ್ಲೂ ವಿಷ. ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಅದನ್ನು ದೇವರಿಗೆ ಏರಿಸೋಣ, ಬಾಗಿಲಿಗೆ ತೋರಣ ಕಟ್ಟೋಣ. ಜನ ತಿನ್ನುವ ಕೇಕಿಗೆ ಚುಚ್ಚುವುದು ಬೇಡ.

ಫೋಟೋ ಹಾಕಿದವರ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಿಲ್ಲದೆ ಆಗಿದೆ. ಆದರೆ ಕಳೆದ ತಿಂಗಳ ಕೊನೆಯಲ್ಲಿ ನಾನೇ ಮಾಡಿಕೊಟ್ಟ ಒಂದು ಕೇಕಿಗೆ ಆದದ್ದನ್ನು ಬರೆಯದೆ ಇದ್ದರೆ ಮನಸ್ಸು ತಡೆಯುವುದಿಲ್ಲ. ಅದಕ್ಕೇ ಈ ಪತ್ರ.

ನಾನು ವಿರಾಜಪೇಟೆಯಲ್ಲಿ ಮನೆಯಲ್ಲೇ ಕೇಕು ಮಾಡುವವಳು. 26 ವರ್ಷವಾಯಿತು. ಮೊದಲು ಕ್ರಿಸ್‌ಮಸ್ಸಿಗೆ ಅಕ್ಕಪಕ್ಕದ ಮನೆಗಳಿಗೆ ಹಣ್ಣಿನ ಕೇಕು, ಆಮೇಲೆ ಮಕ್ಕಳ ಹುಟ್ಟುಹಬ್ಬ, ಈಗ ಜಾಸ್ತಿ ಮದುವೆಗಳೇ. ಕೊಡಗಿನಲ್ಲಿ ಕೇಕು ಹೊರಗಿನ ತಿಂಡಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ನಮ್ಮೂರಿಂದ ಮಾಕುಟ್ಟ ಘಾಟಿ ಇಳಿದು ಹೋದರೆ ಕೇರಳದ ತಲಶ್ಶೇರಿ. ಅಲ್ಲಿಯ ಮಾಂಬಳ್ಳಿ ಬಾಪು ಅವರಿಗೆ 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆ ಇಂಗ್ಲೆಂಡಿನ ಕೇಕು ತೋರಿಸಿ, ಇಂಥದ್ದೇ ಮಾಡಿಕೊಡು ಅಂದರಂತೆ. ನಮ್ಮ ದೇಶದ ಮೊದಲ ಕ್ರಿಸ್‌ಮಸ್ ಕೇಕು ಅದು ಅಂತ ಹೇಳುತ್ತಾರೆ. ಆ ಗಾಳಿ ಘಾಟಿ ಹತ್ತಿ ಇಲ್ಲಿಗೂ ಬಂದಿದೆ. ಇವತ್ತು ಇಗರ್ಜಿಯ ಮದುವೆ ಇರಲಿ, ಕೊಡವರ ಮದುವೆಯ ಆರತಕ್ಷತೆ ಇರಲಿ, ಪಂದಿಕರಿ ಕಡುಂಬುಟ್ಟಿನ ಊಟದ ಪಕ್ಕದಲ್ಲಿ ಒಂದು ಕೇಕಿನ ಮೇಜು ಇದ್ದೇ ಇರುತ್ತದೆ.

ಕಳೆದ ತಿಂಗಳ ಆ ಮದುವೆಯ ಕೇಕು ಮೂರು ಅಂತಸ್ತಿನದು. ಕೆಳಗೆ 12 ಇಂಚು, ನಡುವೆ 9, ಮೇಲೆ 6. ಕೆಳಗಿನದು ಹಣ್ಣಿನ ಕೇಕು, ಮೇಲಿನ ಎರಡು ವೆನಿಲ್ಲಾ. ಬೆಣ್ಣೆ ಕ್ರೀಮು. ಹುಡುಗಿಯ ತಾಯಿ ಒಂದೇ ಮಾತು ಹೇಳಿದ್ದರು: "ಹೂ ಎಲ್ಲ ಕೊಡಗಿನದೇ ಆಗಿರಲಿ." ನನಗೂ ಅದೇ ಇಷ್ಟ. ಎರಡು ಮನೆಯ ಹಿತ್ತಲಿಂದ ಔಷಧಿ ಹೊಡೆಯದ ನಾಟಿ ಗುಲಾಬಿ ಹೇಳಿಟ್ಟಿದ್ದೆ. ಸಂಜೆ ನಾಲ್ಕಕ್ಕೆ ಮದುವೆ ಹಾಲಿಗೆ ಹೋಗಿ ಮೂರೂ ಅಂತಸ್ತು ಜೋಡಿಸಿ, ಗುಲಾಬಿ ಆಮೇಲೆ ತರುತ್ತೇನೆ ಅಂತ ಹೇಳಿ ಸೀರೆ ಉಡಲು ಮನೆಗೆ ಬಂದೆ. ಕಿತ್ತ ಗುಲಾಬಿಯನ್ನು ಬೇಗ ಇಟ್ಟರೆ ದೀಪದ ಬಿಸಿಗೆ ಬಾಡುತ್ತದೆ. ಕೊನೇ ಗಳಿಗೆಯಲ್ಲೇ ಇಡಬೇಕು.

ಆರೂವರೆಗೆ ವಾಪಸ್ ಬಂದರೆ ನನ್ನ ಕೇಕೇ ಗುರುತು ಸಿಗಲಿಲ್ಲ. ವೇದಿಕೆ ಅಲಂಕಾರ ಮಾಡಲು ಬಂದಿದ್ದ ಹುಡುಗರು "ಖಾಲಿ ಕಾಣ್ತಿತ್ತು, ಅಕ್ಕ" ಅಂತ ಅದನ್ನೂ ಅಲಂಕರಿಸಿಬಿಟ್ಟಿದ್ದರು. ನಡುವಿನ ಅಂತಸ್ತಿನ ಸುತ್ತ ಬಿಳಿ ಜಿಪ್ಸಿ ಹೂವಿನ ಸಣ್ಣ ಸಣ್ಣ ಕಟ್ಟು, ಒಂದೊಂದಕ್ಕೂ ಹಸಿರು ತಂತಿ. ಕೆಳಗೆ ನಾಲ್ಕು ಕೆಂಪು ಆಂಥೂರಿಯಂ. ಎಲ್ಲಕ್ಕಿಂತ ಮೇಲೆ, ವಧೂವರರ ಹೆಸರಿನ ಹಲಗೆಯ ಹಿಂದೆ, ಏಳೆಂಟು ತೋಕ್ ಪೂ.

ಕೊಡಗಿನ ಹೊರಗಿನ ಓದುಗರಿಗೆ ಹೇಳುತ್ತೇನೆ. ಕೊಡವ ಭಾಷೆಯಲ್ಲಿ ತೋಕ್ ಅಂದರೆ ಕೋವಿ, ಪೂ ಅಂದರೆ ಹೂ. ಕನ್ನಡದಲ್ಲಿ ಗೌರಿ ಹೂ, ಅಗ್ನಿಶಿಖೆ ಅನ್ನುತ್ತಾರೆ. ಮಳೆಗಾಲದಲ್ಲಿ ಬೇಲಿಯ ಮೇಲೆ ಹಬ್ಬಿ, ಕೆಂಪು ಹಳದಿ ದಳಗಳನ್ನು ಬೆಂಕಿಯ ನಾಲಗೆಯ ಹಾಗೆ ಮೇಲಕ್ಕೆ ಮಡಚಿಕೊಂಡು ಅರಳುತ್ತದೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಅನ್ನುವ ಆಯುಧಪೂಜೆಯ ಹಬ್ಬದ ದಿನ ಐನ್‌ಮನೆಗಳಲ್ಲಿ, ಅಂದರೆ ಕುಟುಂಬದ ಮೂಲಮನೆಗಳಲ್ಲಿ, ಕೋವಿಗಳನ್ನು ಇಟ್ಟು ಪೂಜೆ ಮಾಡುವಾಗ ಅದರ ನಳಿಗೆಗೆ ಸಿಕ್ಕಿಸುವುದು ಇದೇ ಹೂವನ್ನು. ನೋಡಲು ಅಷ್ಟು ಚೆಂದ. ಹುಡುಗರಿಗೆ 'ಕೊಡಗಿನ ಹೂ' ಅಂದ ಕೂಡಲೇ ಅದು ನೆನಪಾಗಿದ್ದರಲ್ಲಿ ತಪ್ಪೇನೂ ಇಲ್ಲ. ಹಾಲಿನ ಹಿಂದಿನ ಬೇಲಿಯಿಂದಲೇ ಕಿತ್ತು ತಂದಿದ್ದರಂತೆ.

ಆದರೆ ಆ ಬಳ್ಳಿಯ ಬೇರಿನಿಂದ ದಳದವರೆಗೆ ಕಾಲ್ಚಿಸಿನ್ ಅನ್ನುವ ವಿಷ ಇದೆ. ಗಡ್ಡೆಯಲ್ಲಂತೂ ಬಹಳ. ಗೌಟ್ ಅನ್ನುವ ಗಂಟುನೋವಿಗೆ ಇದೇ ಕಾಲ್ಚಿಸಿನ್ನನ್ನು ಡಾಕ್ಟರು ಔಷಧಿಯಾಗಿ ಕೊಡುತ್ತಾರೆ. ಅದೂ ಮಿಲಿಗ್ರಾಂ ಲೆಕ್ಕದಲ್ಲಿ, ಅಳೆದು ಅಳೆದು. ಅಳತೆ ಮೀರಿದರೆ ಜೀವಕ್ಕೇ ಕುತ್ತು. ನಮ್ಮ ಅಜ್ಜಿ ಈ ಹೂ ಕಿತ್ತ ಕೈಯನ್ನು ತೊಳೆಯದೆ ನಮ್ಮನ್ನು ಅಡಿಗೆಮನೆಯೊಳಗೆ ಬಿಡುತ್ತಿರಲಿಲ್ಲ. ಅವರಿಗೆ ಕಾಲ್ಚಿಸಿನ್ ಹೆಸರು ಗೊತ್ತಿರಲಿಲ್ಲ, ಗಿಡ ಗೊತ್ತಿತ್ತು.

ಕತ್ತರಿಸಲು ಇನ್ನು 40 ನಿಮಿಷ ಇತ್ತು. ಮೇಲಿನ ಅಂತಸ್ತನ್ನು ಇಡಿಯಾಗಿ ಎತ್ತಿ ಡಬ್ಬಕ್ಕೆ ಹಾಕಿ ಕಾರಿನಲ್ಲಿಟ್ಟೆ. ಅದು ಯಾರ ಬಾಯಿಗೂ ಹೋಗುವ ಹಾಗಿರಲಿಲ್ಲ. ಕೆಳಗಿನ ಆಂಥೂರಿಯಂ ತೆಗೆದು, ತೊಟ್ಟು ಚುಚ್ಚಿದ ಕಡೆಯೆಲ್ಲ ಎರಡೆರಡು ಇಂಚು ಕೆತ್ತಿ ತೆಗೆದೆ. ಆಮೇಲೆ ನಡುವಿನ ಅಂತಸ್ತು. ಜಿಪ್ಸಿಯನ್ನು ಎಳೆದರೆ ಹೂ ಕೈಗೆ ಬರುತ್ತದೆ, ತಂತಿ ಒಳಗೇ ಉಳಿಯುತ್ತದೆ. ಬೆಣ್ಣೆ ಕ್ರೀಮು ಮೇಲೆ ಮುಚ್ಚಿಕೊಂಡರೆ ತೂತು ಕೂಡ ಕಾಣುವುದಿಲ್ಲ. ಬೆರಳ ತುದಿಯಿಂದ ಕ್ರೀಮನ್ನು ಮೆಲ್ಲಗೆ ಒತ್ತುತ್ತಾ ಹೋಗಬೇಕು. ಗಟ್ಟಿ ಏನೋ ತಾಗಿದ ಕಡೆ ಚಿಮಟ ಇಳಿಸಿ ಎಳೆಯಬೇಕು. ಬಾಗಿದ ತಂತಿಯಾದರೆ ಕೇಕಿನ ತುಣುಕನ್ನೂ ಕಿತ್ತುಕೊಂಡೇ ಬರುತ್ತದೆ. "ಎಷ್ಟು ಚುಚ್ಚಿದ್ದೀಯಪ್ಪಾ?" ಅಂತ ಹುಡುಗನನ್ನು ಕೇಳಿದೆ. "ಹದಿನಾರು" ಅಂದ. ನ್ಯಾಪ್‌ಕಿನ್ ಮೇಲೆ ಸಾಲಾಗಿ ಇಟ್ಟು ಎಣಿಸಿದೆ, 16 ಬಂತು. ಕ್ರೀಮು ಸವರಿ, ನನ್ನ ಗುಲಾಬಿ ಇಟ್ಟು, ಎರಡೇ ಅಂತಸ್ತಿನ ಕೇಕನ್ನು ಮುಂದಿಟ್ಟೆ.

ಚುಚ್ಚಿದ್ದು 17. ಹದಿನೇಳನೆಯದು ಮದುಮಗನ ಕಡೆಯ ಒಬ್ಬ ಹಿರಿಯರ ಬಾಯಲ್ಲಿ ಸಿಕ್ಕಿತು. ನಾಲಗೆಯ ಬದಿ ಗೀರಿ ರಕ್ತ ಬಂತು. ಅವರು ದೊಡ್ಡ ಮನಸ್ಸಿನವರು, ಮದುವೆ ಮನೆಯಲ್ಲಿ ಗಲಾಟೆ ಬೇಡ ಅಂತ ಕರವಸ್ತ್ರದಲ್ಲಿ ತಂತಿ ಸುತ್ತಿ ನನ್ನ ಕೈಗೇ ತಂದುಕೊಟ್ಟರು. ನುಂಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ಆ ರಾತ್ರಿ ನಾನು ಮಲಗಲಿಲ್ಲ. ಹುಡುಗನ ಎಣಿಕೆಯನ್ನು ನಂಬಿದ್ದು ನನ್ನ ತಪ್ಪು. ನಡುವಿನ ಅಂತಸ್ತನ್ನೂ ಎತ್ತಿಡಬೇಕಿತ್ತು. ಮನೆಯವರಿಗೆ ಎರಡು ಅಂತಸ್ತಿನ ಹಣ ಹಿಂದಿರುಗಿಸಿದೆ. ಆದರೆ ಅವರ ಮದುವೆಯ ಫೋಟೋದಲ್ಲಿ ಕೇಕು ಮೋಟಾಗಿಯೇ ಉಳಿಯಿತು.

ಇದರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ. ಹಾಗಾಗಿಯೇ ನನಗೆ ಭಯ. ವೇದಿಕೆಯ ಹೂ ಒಬ್ಬರ ಜವಾಬ್ದಾರಿ, ಊಟ ಒಬ್ಬರದು, ಕೇಕು ಒಬ್ಬರದು. ಕೇಕಿನ ಮೇಲಿನ ಹೂ ಯಾರದು? ಅಲಂಕಾರದವರು ಅದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ನಾನು ಹೇಳುವುದು, ಕೇಕನ್ನು ತಾಗಿದ ಗಳಿಗೆಯಿಂದ ಆ ಹೂ ಊಟದ ಲೆಕ್ಕಕ್ಕೆ ಸೇರಿತು. ಹಾಗಾಗಿ ಅದನ್ನು ಇಡುವವರು ಕೇಕು ಮಾಡಿದವರೇ ಆಗಬೇಕು, ಇಲ್ಲ ಅವರನ್ನು ಕೇಳಿಯೇ ಇಡಬೇಕು.

ಹಾಗಾದರೆ ಯಾವ ಹೂ ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಹಿತ್ತಲಿಂದಲೇ ಶುರು ಮಾಡುತ್ತೇನೆ. ಆಂಥೂರಿಯಂ ಈಗ ಕೊಡಗಿನ ಎಷ್ಟೋ ತೋಟಗಳಲ್ಲಿ ನೆರಳುಪರದೆಯ ಕೆಳಗೆ ಬೆಳೆಯುವ ಹೂ, ಅದನ್ನು ಬೇಡ ಅನ್ನಲು ನನಗೂ ಬೇಜಾರು. ಆದರೆ ಅದು ಕೆಸುವಿನ ಜಾತಿಯದೇ. ಸರಿಯಾಗಿ ಬೇಯಿಸದ, ಹುಳಿ ಹಾಕದ ಕೆಸು ತಿಂದರೆ ಗಂಟಲು ಹೇಗೆ ಕೆರೆಯುತ್ತದೆ ಅಂತ ಪತ್ರೊಡೆ ಮಾಡುವ ಮನೆಯವರಿಗೆಲ್ಲ ಗೊತ್ತು, ಅಲ್ವಾ? ಸೂಜಿಯಂಥ ಅದೇ ಹರಳುಗಳು ಆಂಥೂರಿಯಂನಲ್ಲೂ ಇವೆ. ಬಿಳಿ ಕೊಳವೆಯಂಥ ಕಾಲಾ ಲಿಲ್ಲಿಯೂ ಅದೇ ಮನೆತನ. ಮಡಿಕೇರಿಯ ಮನೆಗಳ ಮುಂದೆ ಮಳೆಗಾಲದಲ್ಲಿ ನೀಲಿ ಗುಡ್ಡೆಯ ಹಾಗೆ ಅರಳುವ ಹೈಡ್ರೇಂಜಿಯಾ ಫೋಟೋಗೆ ಬಹಳ ಚೆಂದ. ಅದನ್ನೂ ತಿನ್ನಬಾರದು, ಒಳಗೆ ಸಯನೈಡ್ ಹುಟ್ಟಿಸುವ ಅಂಶ ಇದೆ. ಹಳೆಯ ಬಂಗಲೆಗಳ ಅಂಗಳದಲ್ಲಿ ತಲೆಕೆಳಗಾಗಿ ತೂಗುವ ಗಂಟೆಯಂಥ ಹೂ ಉಮ್ಮತ್ತಿಯ ಹತ್ತಿರದ ನೆಂಟ. ಅದರ ಹತ್ತಿರಕ್ಕೂ ಕೇಕನ್ನು ಒಯ್ಯಬೇಡಿ. ದೇವಕಣಗಿಲೆ, ಲಂಟಾನ, ಡಿಸೆಂಬರಿನ ಕೆಂಪು ಪಾಯಿನ್ಸೆಟಿಯಾ, ಯಾವುದೂ ಬೇಡ. ಜಿಪ್ಸಿಯನ್ನು ಕೇಕಿಗೇ ಹುಟ್ಟಿದ ಹೂ ಎಂಬ ಹಾಗೆ ಎಲ್ಲರೂ ಬಳಸುತ್ತಾರೆ, ಅದೂ ತಿನ್ನುವ ಹೂ ಅಲ್ಲ. ಹೊಟ್ಟೆ ಕೆಡಿಸುತ್ತದೆ.

ಆಗುವ ಹೂಗಳೂ ಕಡಿಮೆಯಿಲ್ಲ. ಗುಲಾಬಿ, ದಾಸವಾಳ, ದುಂಡು ಮಲ್ಲಿಗೆ, ಶಂಖಪುಷ್ಪ, ಚೆಂಡು ಹೂವಿನ ದಳ, ಪ್ಯಾನ್ಸಿ, ನಸ್ಟರ್ಷಿಯಂ. ಗುಲಾಬಿಯ ದಳದ ಬುಡದಲ್ಲಿ ಬಿಳಿ ಚೂರು ಇರುತ್ತದಲ್ಲ, ಅದು ಕಹಿ, ಕತ್ತರಿಸಿ ತೆಗೆಯಬೇಕು. ದಾಸವಾಳದ ನಡುವಿನ ದಂಡ ತೆಗೆಯಬೇಕು. ಚೆಂಡು ಹೂವಿನಲ್ಲಿ ದಳ ಮಾತ್ರ, ಬುಡದ ಹಸಿರು ಕಹಿ.

ಆದರೆ ಗುಲಾಬಿ ಅಂದ ಕೂಡಲೇ ಅಂಗಡಿಯ ಗುಲಾಬಿ ಅಂದುಕೊಳ್ಳಬೇಡಿ. ರಾತ್ರಿ ಬಸ್ಸಿನಲ್ಲಿ ಬೆಂಗಳೂರು, ಮೈಸೂರು ಕಡೆಯಿಂದ ಬರುವ ಉದ್ದ ಕಾಂಡದ ಗುಲಾಬಿಯನ್ನು ಬೆಳೆಯುವುದು ಹೂದಾನಿಗೆ. ತಿನ್ನುವವರು ಇದ್ದಾರೆ ಅಂತ ಯಾರೂ ಲೆಕ್ಕ ಹಾಕಿ ಔಷಧಿ ಹೊಡೆಯುವುದಿಲ್ಲ. ಟೊಮೆಟೊಗೆ ಔಷಧಿ ಹೊಡೆದರೆ ಇಷ್ಟು ದಿನ ಕೊಯ್ಯಬಾರದು ಅಂತ ಲೆಕ್ಕ ಇದೆ. ಹೂದಾನಿಯ ಹೂವಿಗೆ ಅಂಥ ಲೆಕ್ಕ ಯಾರಿಗೆ ಬೇಕು? ತೊಳೆದರೆ ಎಲ್ಲ ಹೋಗುವುದಿಲ್ಲ, ಕೆಲವು ಔಷಧಿ ಗಿಡದೊಳಗೇ ಇಳಿದಿರುತ್ತದೆ. ಇನ್ನು ನೀಲಿ ಆರ್ಕಿಡ್, ನೀಲಿ ಜಿಪ್ಸಿ ಅಂತ ಬರುತ್ತದಲ್ಲ, ಅದರಲ್ಲಿ ಬಹುಪಾಲು ಬಣ್ಣದ ನೀರು ಕುಡಿಸಿದ್ದು, ಇಲ್ಲ ಬಣ್ಣ ಸಿಂಪಡಿಸಿದ್ದು. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಬಣ್ಣ ಹಾಕಬಾರದು, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ತಂದಿತು. ಒಳ್ಳೆಯ ಕೆಲಸ. ನಾವು ಕ್ರೀಮಿಗೆ ಹಾಕುವ ಬಣ್ಣದ ಬಾಟಲಿ ಮೇಲಿನ ಚೀಟಿಯನ್ನು ನೂರು ಸಲ ಓದುತ್ತೇವೆ. ಹೂವಿಗೆ ಹಾಕಿದ ಬಣ್ಣಕ್ಕೆ ಚೀಟಿಯೇ ಇಲ್ಲ.

ಹಿತ್ತಲ ಗುಲಾಬಿಯಲ್ಲಿ ಎರಡು ಇರುವೆ, ಒಂದು ಹುಳ ಇರಬಹುದು. ಅದು ಪರವಾಗಿಲ್ಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕಿತ್ತು, ತಣ್ಣೀರಿನಲ್ಲಿ ಅದ್ದಿ, ಬಟ್ಟೆ ಮೇಲೆ ಬೋರಲು ಹಾಕಿದರೆ ಸರಿ. ತೊಟ್ಟನ್ನು ಮಾತ್ರ ಕೇಕಿಗೆ ಸೀದಾ ಚುಚ್ಚಬೇಡಿ, ತಿನ್ನುವ ಹೂವಾದರೂ. ನಾನು ಸ್ಟ್ರಾ ತುಂಡು ಮಾಡಿ, ಒಂದು ತುದಿಯನ್ನು ಕರಗಿಸಿದ ಬಿಳಿ ಚಾಕೊಲೇಟಿನಲ್ಲಿ ಅದ್ದಿ ಆರಲು ಬಿಡುತ್ತೇನೆ. ತುದಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ತುದಿ ಕೆಳಗೆ ಮಾಡಿ ಕೇಕಿಗೆ ಇಳಿಸಿ, ಹೂವಿನ ತೊಟ್ಟು ಅದರೊಳಗೆ. ಕತ್ತರಿಸುವ ಮೊದಲು ಸ್ಟ್ರಾ ಸಮೇತ ಎಲ್ಲ ಹೊರಗೆ ಬರುತ್ತದೆ. ಸ್ಟ್ರಾ ದಪ್ಪ, ಬಣ್ಣದ್ದು, ಯಾರ ಕಣ್ಣಿಗೂ ಕಾಣುತ್ತದೆ. ಎಷ್ಟು ಇಳಿಸಿದೆ ಅಂತ ಒಂದು ಚೀಟಿಯಲ್ಲಿ ಬರೆದು ಕೇಕಿನ ಹಲಗೆಯ ಕೆಳಗೆ ಅಂಟಿಸುತ್ತೇನೆ. ಇದು ಸೆಪ್ಟೆಂಬರಿನ ಆ ರಾತ್ರಿಯ ನಂತರ ಕಲಿತದ್ದು.

ಮಳೆಗಾಲಕ್ಕೆ ಸಕ್ಕರೆ ಹೂ ಮಾಡಿ ಅಂತ ಕೆಲವರು ಹೇಳುತ್ತಾರೆ. ಮಾಡುತ್ತೇನೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಉಪ್ಪಿನ ಡಬ್ಬವೇ ನೀರು ಬಿಡುತ್ತದೆ. ಸಕ್ಕರೆ ದಳ ಗಾಳಿಯ ತೇವ ಕುಡಿದು ಒಂದೇ ಗಂಟೆಯಲ್ಲಿ ತಲೆ ಬಾಗಿಸುತ್ತದೆ. 40 ವ್ಯಾಟ್ ಬಲ್ಬು ಉರಿಸಿದ ಹಳೇ ಟ್ರಂಕಿನಲ್ಲಿ ಒಣಗಿಸುತ್ತೇನೆ, ಮದುವೆ ಹಾಲಿನವರೆಗೂ ಆ ಟ್ರಂಕಿನಲ್ಲೇ ಪ್ರಯಾಣ. ಅದಕ್ಕಿಂತ ನನಗೆ ಇಷ್ಟ ಸಕ್ಕರೆ ಹಚ್ಚಿದ ನಿಜವಾದ ದಳ. ಅರೇಬಿಕ್ ಗೋಂದನ್ನು ಪನ್ನೀರಿನಲ್ಲಿ ಕರಗಿಸಿಕೊಳ್ಳಬೇಕು. ಸಣ್ಣ ಬ್ರಷ್ಷಿನಿಂದ ದಳದ ಎರಡೂ ಬದಿಗೆ ತೆಳ್ಳಗೆ ಹಚ್ಚಬೇಕು, ಒಂದು ಚೂರೂ ಬಿಡಬಾರದು, ಬಿಟ್ಟ ಕಡೆ ಕಂದಾಗುತ್ತದೆ. ಮೇಲಿಂದ ನುಣ್ಣಗಿನ ಸಕ್ಕರೆ ಉದುರಿಸಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟರೆ ದಳ ಗರಿಗರಿಯಾಗುತ್ತದೆ. ಬೆಳಕಿಗೆ ಹಿಡಿದರೆ ನರಗಳು ಕಾಣುತ್ತವೆ, ಅಂಚಿನಲ್ಲಿ ಸಕ್ಕರೆ ಇಬ್ಬನಿಯ ಹಾಗೆ ಮಿನುಗುತ್ತದೆ. ಬಾಯಿಗೆ ಹಾಕಿದರೆ ಮೊದಲು ಸಿಹಿ, ಆಮೇಲೆ ಗುಲಾಬಿ. ಈ ಕೆಲಸಕ್ಕೆ ಕೂತರೆ ನನಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ವಿಷದ ಹೂ ಬೇಡ ಅಂದರೆ ಮೇಜು ಬೋಳಾಗುತ್ತದೆ ಅಂತ ಅಲಂಕಾರದ ಹುಡುಗ ನನ್ನ ಹತ್ತಿರ ವಾದ ಮಾಡಿದ. ಬೋಳಾಗುವುದಿಲ್ಲ. ಕೇಕಿನ ಮೇಲೆ ಕಡಿಮೆ, ಮೇಜಿನ ಮೇಲೆ ಜಾಸ್ತಿ, ಇಷ್ಟೇ ಲೆಕ್ಕ. ಬಿಳಿ ಕೇಕಿನ ಮೇಲೆ ಐದು ಗುಲಾಬಿ ಸಾಕು: ದೊಡ್ಡ ಮೂರು ಕೆಳಗೆ ಒಂದು ಬದಿಗೆ, ಸಣ್ಣ ಎರಡು ಮೇಲೆ ಇನ್ನೊಂದು ಬದಿಗೆ. ಕಣ್ಣು ತಾನಾಗಿ ಓರೆಯಾಗಿ ಮೇಲೇರುತ್ತದೆ. ಸುತ್ತ ಸಮನಾಗಿ ಹೂ ಜಡಿದರೆ ಕೇಕು ಕಾಣುವುದೇ ಇಲ್ಲ. ಅಂತಸ್ತುಗಳ ನಡುವೆ ಹೂ ಬೇಕೇ ಬೇಕು ಅಂದರೆ ಮೂರು ಇಂಚು ಎತ್ತರದ ಬಳೆಯಾಕಾರದ ಸ್ಟ್ಯಾಂಡ್ ಇಟ್ಟು, ಮೇಲೆ ಕೆಳಗೆ ಹಲಗೆ ಹಾಕಿ, ಆ ಸಂದಿಗೆ ಹೂ ತುಂಬಿಸಿ. ಕೇಕಿಗೆ ಹೂ ತಾಗುವುದೇ ಇಲ್ಲ. ಅಲ್ಲೂ ಹಾಲು ಸೋರುವ, ಪುಡಿ ಉದುರುವ ಹೂ ಬೇಡ. ಹೂ ಚುಚ್ಚುವ ಹಸಿರು ಸ್ಪಂಜು ಬರುತ್ತದಲ್ಲ, ಅದನ್ನು ಕೇಕಿನ ಹತ್ತಿರ ತರಲೇಬೇಡಿ. ಅದು ಫೀನಾಲ್, ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ ಪ್ಲಾಸ್ಟಿಕ್. ಒಣಗಿದ್ದನ್ನು ಮುಟ್ಟಿದರೆ ಹಿಟ್ಟಿನ ಹಾಗೆ ಪುಡಿ ಹಾರುತ್ತದೆ.

ಮೇಜಿಗೆ ಬೇಕಾದ್ದು ನಮ್ಮ ತೋಟದಲ್ಲೇ ಇದೆ. ಡಿಸೆಂಬರಿನಲ್ಲಿ ಹಣ್ಣಾದ ಕಾಫಿಯ ಒಂದು ರೆಂಬೆಯನ್ನು ಬಿಳಿ ಬಟ್ಟೆಯ ಮೇಲೆ ಉದ್ದಕ್ಕೆ ಮಲಗಿಸಿ ನೋಡಿ. ಮಿರಿಮಿರಿ ಹಸಿರು ಎಲೆ, ಗೊಂಚಲು ಗೊಂಚಲು ಕೆಂಪು ಹಣ್ಣು. ಯಾವ ಊರಿನ ಹೂವೂ ಅದರ ಮುಂದೆ ನಿಲ್ಲುವುದಿಲ್ಲ. ಕರಿಮೆಣಸಿನ ಬಳ್ಳಿಯನ್ನು ಹಸಿರು ಸರ ಸಮೇತ ಮೇಜಿನ ಅಂಚಿಗೆ ಇಳಿಬಿಡಬಹುದು. ಮರದಿಂದ ಬಿದ್ದ ಪಾಚಿ ಹಿಡಿದ ಕೊಂಬೆ, ಜರಿಗಿಡ, ಏಲಕ್ಕಿ ಎಲೆ, ಬಾಳೆ ಎಲೆ. ಕೊಡವ ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರ ಇರುತ್ತದೆ, ಆ ಬಾಳೆಯ ಎಲೆಯನ್ನೇ ಕೇಕಿನ ಮೇಜಿಗೆ ಹಾಸಿದ್ದನ್ನು ಒಂದು ಕಡೆ ನೋಡಿದೆ. ಮನಸ್ಸು ತುಂಬಿತು. ಕಾಫಿ ಹೂವನ್ನು ಮಾತ್ರ ಕೇಳುವಾಗ ಸ್ವಲ್ಪ ಯೋಚಿಸಿ. ಹೂಮಳೆ ಬಿದ್ದು ಏಳೆಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ಒಂದು ರೆಂಬೆ ಬೇಕು ಅಂತ ಯಾರಿಗೂ ಆಸೆಯಾಗುತ್ತದೆ. ಆದರೆ ಕಿತ್ತ ಒಂದೊಂದು ಹೂವೂ ಬೆಳೆಗಾರರಿಗೆ ಹೋದ ಒಂದು ಕಾಯಿ. ಕಿತ್ತದ್ದು ಸಂಜೆಯವರೆಗೂ ಬಾಳುವುದಿಲ್ಲ ಬೇರೆ.

ಕಿತ್ತಳೆ ಹೂವಿನ ಬಗ್ಗೆ ಹೇಳದೆ ಇರಲಾರೆ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ 1840ರಲ್ಲಿ ಮದುವೆಯಾದಾಗ ತಲೆಗೆ ಕಿರೀಟ ಇಡಲಿಲ್ಲ, ಕಿತ್ತಳೆ ಹೂವಿನ ದಂಡೆ ಮುಡಿದರು. ಆಮೇಲೆ ಅಲ್ಲಿಯ ಮದುಮಕ್ಕಳೆಲ್ಲ ಅದನ್ನೇ ಮುಡಿದರು, ಕೇಕಿನ ಮೇಲೂ ಸಕ್ಕರೆಯ ಕಿತ್ತಳೆ ಹೂ ಬಂತು. ಈಚೆಗೆ 2018ರ ಮೇ ತಿಂಗಳಲ್ಲಿ ವಿಂಡ್ಸರ್‌ನಲ್ಲಿ ನಡೆದ ರಾಜಕುಮಾರ ಹ್ಯಾರಿ ಮತ್ತು ಮೇಘನ್ ಅವರ ಮದುವೆಯ ಕೇಕಿಗೆ ನಿಜವಾದ ಹೂವನ್ನೇ ಇಟ್ಟರು. ಆ ಫೋಟೋ ನಮ್ಮ ಹುಡುಗಿಯರ ಮೊಬೈಲಿಗೂ ಬಂತು. ಅದೇ ಥರ ಬೇಕು ಅಂತ ನನಗೆ ತೋರಿಸಿದವರು ಎಷ್ಟೋ ಜನ. ನಾನು ಅವರಿಗೆ ಹೇಳುವುದು, ವಿಂಡ್ಸರ್‌ವರೆಗೆ ಯಾಕೆ ಹೋಗಬೇಕು? ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೇ ಇದೆ. ನಾನು ಚಿಕ್ಕವಳಿದ್ದಾಗ ಅಜ್ಜಿಮನೆಯ ಕಾಫಿ ನಡುವೆ ಸಾಲಾಗಿ ಕಿತ್ತಳೆ ಮರ ಇತ್ತು. ಮಳೆ ಬಿದ್ದ ಮೇಲೆ ಮೇಣದಂಥ ದಪ್ಪ ದಳದ ಸಣ್ಣ ಬಿಳಿ ಹೂ ಅರಳಿದರೆ ಅಂಗಳಕ್ಕೆಲ್ಲ ವಾಸನೆ. ರೋಗ ಬಂದು ಆ ಸಾಲೆಲ್ಲ ಹೋಯಿತು, ಈಗ ಎರಡೇ ಮರ ಉಳಿದಿದೆ. ಹೋದ ಏಪ್ರಿಲ್‌ನಲ್ಲಿ ನನ್ನ ತಂಗಿಯ ಮಗಳ ಮದುವೆಗೆ ಆ ಮರದಿಂದ ಒಂದೇ ಒಂದು ಸಣ್ಣ ಗೊಂಚಲು ತಂದು ಕೇಕಿನ ಮೇಲಿಟ್ಟೆ. ತಿನ್ನಬಹುದಾದ ಹೂ, ಔಷಧಿ ಕಾಣದ ಮರ. ಬೇರೆ ಒಂದು ಹೂವನ್ನೂ ಇಡಲಿಲ್ಲ. ಹುಡುಗಿ ಕೇಕು ಕತ್ತರಿಸುವ ಮೊದಲು ಬಗ್ಗಿ ಅದರ ವಾಸನೆ ನೋಡಿದಳು. "ಇದು ಅಜ್ಜಿಮನೆಯ ಹಿಂದಿನ ಮರದ್ದಲ್ವಾ?" ಅಂದಳು.

ಈಗ ನನ್ನ ಕೋರಿಕೆ. ಹೊಸ ಭತ್ತದ ಹಬ್ಬ ಪುತ್ತರಿ ಕಳೆದ ಮೇಲೆ ಕೊಡಗಿನಲ್ಲಿ ಮದುವೆಗಳ ಸುಗ್ಗಿ. ಅದಕ್ಕೆ ಮೊದಲು ಮದುವೆ ಹಾಲಿನವರು ಬುಕಿಂಗ್ ಚೀಟಿಯಲ್ಲಿ ಒಂದು ಸಾಲು ಸೇರಿಸಲಿ: ಕೇಕಿನ ಮೇಲೆ ಕೇಕಿನವರನ್ನು ಕೇಳದೆ ಏನನ್ನೂ ಇಡಬಾರದು. ನನ್ನಂಥ ಮನೆ ಬೇಕರಿಯವರೂ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಮಾಡಿಸಿದ್ದೇವೆ. ಪರಿಶೀಲನೆಗೆ ಬರುವ ಅಧಿಕಾರಿಗಳು ನಮ್ಮ ಮೈದಾ, ಬೆಣ್ಣೆ, ಫ್ರಿಜ್ಜು ನೋಡುವ ಹಾಗೆ "ಹೂ ಎಲ್ಲಿಂದ ತರುತ್ತೀರಿ?" ಅಂತಲೂ ಕೇಳಲಿ. ಮಡಿಕೇರಿಯ ರಾಜಾಸೀಟಿನಲ್ಲಿ ತೋಟಗಾರಿಕೆ ಇಲಾಖೆ ನಡೆಸುವ ಫಲಪುಷ್ಪ ಪ್ರದರ್ಶನಕ್ಕೆ ಸಾವಿರಾರು ಜನ ಬರುತ್ತಾರೆ. ಅಲ್ಲಿ ಒಂದು ಮೇಜಿನ ಮೇಲೆ ತಿನ್ನುವ ಹೂ, ಪಕ್ಕದ ಮೇಜಿನ ಮೇಲೆ ತಿನ್ನಬಾರದ ಹೂ ಇಟ್ಟು ಹೆಸರು ಬರೆದರೆ ಸಾಕು, ನನ್ನ ಈ ಉದ್ದ ಪತ್ರಕ್ಕಿಂತ ಜಾಸ್ತಿ ಕೆಲಸವಾಗುತ್ತದೆ. ಇಲಾಖೆಯವರು ಕರೆದರೆ ಕೇಕು ನಾನೇ ಮಾಡಿ ತರುತ್ತೇನೆ, ದುಡ್ಡು ಬೇಡ. ನಿಮ್ಮ ಪತ್ರಿಕೆಯೂ ಆ ಕಣಗಿಲೆಯ ಫೋಟೋದ ಬಗ್ಗೆ ಒಂದು ಸಣ್ಣ ತಿದ್ದುಪಡಿ ಹಾಕಲಿ. ಫೋಟೋ ಕತ್ತರಿಸಿ ಇಟ್ಟುಕೊಂಡವರು ಇರುತ್ತಾರೆ. ಇಬ್ಬರು ಈಗಾಗಲೇ ನನಗೇ ಕಳಿಸಿ ರೇಟು ಕೇಳಿದ್ದಾರೆ.

ಆ ಅಲಂಕಾರದ ಹುಡುಗನ ಬಗ್ಗೆ ಒಂದು ಮಾತು. ಅವನ ಹೊಟ್ಟೆಪಾಡಿಗೆ ತೊಂದರೆ ಆಗಬಾರದು ಅಂತಲೇ ಹಾಲಿನ ಹೆಸರು, ಮದುವೆಯ ತಾರೀಖು ಯಾವುದನ್ನೂ ನಾನು ಬರೆದಿಲ್ಲ. ಮದುವೆಯ ಮಾರನೇ ದಿನ ಅವನು ಮನೆಗೆ ಬಂದ. ಕಾಫಿ ಕೊಟ್ಟೆ. ಆ 17 ತಂತಿಗಳನ್ನು ಮೇಜಿನ ಮೇಲೆ ಇಟ್ಟೆ, ಏನೂ ಹೇಳಲಿಲ್ಲ. ಈಗ ಕೆಲಸಕ್ಕೆ ಹೋದಲ್ಲೆಲ್ಲ ಹೂವಿನ ಫೋಟೋ ತೆಗೆದು ನನಗೆ ಕಳಿಸುತ್ತಾನೆ. ನಿನ್ನೆ ಸಂಜೆ ಗೋಣಿಕೊಪ್ಪದಿಂದ ಒಂದು ಬಂತು: ಬಕೆಟ್ ತುಂಬ ಬಿಳಿ ದಾಸವಾಳ. "ಅಕ್ಕ, ಇದು ಯಾರ ಮನೆಯದು, ಔಷಧಿ ಹೊಡೆದಿದ್ದಾರಾ ಅಂತ ಕೇಳಿದೆ, ಇಲ್ಲ ಅಂದ್ರು. ಇಡಬಹುದಾ?" ಇಡು, ನಡುವಿನ ದಂಡ ತೆಗೆದು ಇಡು ಅಂತ ಬರೆದೆ.

ಇಂತಿ,
ಮನೆಯಲ್ಲಿ ಕೇಕು ಮಾಡುವ ಒಬ್ಬ ಓದುಗಳು
ವಿರಾಜಪೇಟೆ, ಕೊಡಗು

(ಊರು ಚಿಕ್ಕದು. ನನ್ನ ಹೆಸರು ಹಾಕಿದರೆ ಆ ಮದುವೆ ಮನೆಯವರ ಗುರುತು ಸಿಕ್ಕಿಬಿಡುತ್ತದೆ. ದಯವಿಟ್ಟು ಹೆಸರು ಪ್ರಕಟಿಸಬೇಡಿ.)